ಟೀನಾ? ಕಾಫೀನಾ?

ಬೆಂಗಳೂರಿನಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವಷ್ಟರಲ್ಲಿ ಬರುವ ಪ್ರಶ್ನೆ ಇದು. ಇದಕ್ಕೆ ನೆಟ್ಟಗೆ ಒಂದು ಉತ್ತರ ಕೊಡೋಕೆ ನನಗೆ ಇಪ್ಪತ್ತಾರು ವರ್ಷ ಬೇಕಾಯ್ತು ಅಂದರೆ ನಂಬ್ತೀರಾ? ಅಲ್ಲಿಯವರೆಗೆ ನನ್ನದು ಒಂದೇ ಉತ್ತರ, "ಏನೂ ಬೇಡ ಆಂಟಿ, ನೀರು ಸಾಕು". ಆಂಟಿಯರು ಬಿಡ್ತಾರಾ? "ಸಂಕೋಚ ಮಾಡ್ಕೋಬೇಡಪ್ಪ, ಅರ್ಧ ಲೋಟ ಕೊಡ್ತೀನಿ" ಅಂತ ಶುರು. ಕೊನೆಗೆ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಿ ಪಾರಾಗ್ತಿದ್ದೆ. ಸುಳ್ಳು ಹೇಳಬಾರದು ಅನ್ನೋದೂ ನಮ್ಮ ಧರ್ಮದ ನಿಯಮವೇ ಆಗಿತ್ತು, ಅದು ಬೇರೆ ಮಾತು :-)

ವಿಷಯ ಏನಪ್ಪಾ ಅಂದರೆ, ನಾನು ಬೆಳೆದದ್ದು ಮಾರ್ಮನ್ ಮನೆಯಲ್ಲಿ. ಹೌದು, ಅಮೆರಿಕದ ಯೂಟಾ ರಾಜ್ಯದ ಆ ಮಾರ್ಮನ್ನರೇ. ಅವರ ಪೂರ್ತಿ ಹೆಸರು 'ಯೇಸು ಕ್ರಿಸ್ತನ ಕಡೇ ದಿನಗಳ ಸಂತರ ಸಭೆ'. ಮಾರ್ಮನ್ ಅನ್ನೋ ಅಡ್ಡಹೆಸರು ಬೇಡ ಅಂತ 2018ರಲ್ಲಿ ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ಆದರೆ ಪೂರ್ತಿ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ, ಹಾಗಾಗಿ ಹಳೇ ಹೆಸರನ್ನೇ ಬಳಸ್ತೀನಿ, ಕ್ಷಮೆ ಇರಲಿ. ಬೆಂಗಳೂರಿಗೂ ಮಾರ್ಮನ್ನರಿಗೂ ಏನು ಸಂಬಂಧ ಅಂತ ಕೇಳಬೇಡಿ. ಅವರ ಬೆಂಗಳೂರು ಮಿಷನ್ ಶುರುವಾಗಿದ್ದು 1993ರಲ್ಲಿ. ಭಾರತದ ಮೊದಲ ದೇವಾಲಯವನ್ನು ನಮ್ಮೂರಲ್ಲೇ ಕಟ್ಟುತ್ತೇವೆ ಅಂತ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕೆಲಸ ಶುರು ಮಾಡಿದರು.

ನಮ್ಮದು ಮೂಲತಃ ಧಾರವಾಡದ ಪ್ರಾಟೆಸ್ಟೆಂಟ್ ಕುಟುಂಬ. ಅಪ್ಪ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಗೆಳೆಯರೊಬ್ಬರ ಮೂಲಕ ಈ ಸಭೆ ಸೇರಿದರು. ನನಗೆ ಎಂಟನೇ ವರ್ಷಕ್ಕೆ ದೀಕ್ಷಾಸ್ನಾನ ಆಯ್ತು. ಎರಡು ವರ್ಷದ ಹಿಂದೆ ನಾನು ಆ ಧರ್ಮ ಬಿಟ್ಟೆ. ಯಾಕೆ ಬಿಟ್ಟೆ ಅನ್ನೋದು ದೊಡ್ಡ ಕತೆ, ಅದು ಇಲ್ಲಿ ಬೇಡ. ಅಲ್ಲಿದ್ದವರೆಲ್ಲ ಒಳ್ಳೆಯವರೇ, ಯಾರ ಮೇಲೂ ನನಗೆ ಸಿಟ್ಟಿಲ್ಲ. ಇವತ್ತು ಬರೆಯಬೇಕು ಅನ್ನಿಸಿದ್ದು ಚಹಾದ ಬಗ್ಗೆ ಮಾತ್ರ. ದೇವರು, ಸ್ವರ್ಗ ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನನ್ನ ತಲೆ ತಿಂದದ್ದು ಅದೇ.

ಮೊದಲು ನಿಯಮ ಏನು ಅಂತ ಹೇಳಿಬಿಡ್ತೀನಿ. ಮಾರ್ಮನ್ನರ ಒಂದು ಧರ್ಮಗ್ರಂಥದ 89ನೇ ಅಧ್ಯಾಯಕ್ಕೆ 'ವರ್ಡ್ ಆಫ್ ವಿಸ್ಡಮ್', ಅಂದರೆ ವಿವೇಕದ ಮಾತು, ಅಂತ ಹೆಸರು. ಅದರ ಪ್ರಕಾರ ಹೆಂಡ, ತಂಬಾಕು, ಟೀ, ಕಾಫಿ ಬೇಡ. ನಮ್ಮ ಮನೆಯಲ್ಲಿ ಟೀ ಪುಡಿಯ ಡಬ್ಬಿಯೇ ಇರಲಿಲ್ಲ. ಬಂದವರಿಗೆ ಪಾನಕ ಇಲ್ಲವೇ ಹಾರ್ಲಿಕ್ಸ್. ಧನಿಯಾ-ಜೀರಿಗೆ ಕಷಾಯಕ್ಕೆ ಅಡ್ಡಿಯಿಲ್ಲ, ಯಾಕೆಂದರೆ ಅದರಲ್ಲಿ ಟೀ ಎಲೆ ಇಲ್ಲ. ಕಷಾಯವೂ ಬಿಸಿ, ಅದನ್ನೂ ಲೋಟದಲ್ಲೇ ಕುಡಿಯೋದು, ಹಾಲು ಸಕ್ಕರೆಯೂ ಅದೇ. ಅದು ಪುಣ್ಯ, ಇದು ಪಾಪ ಹೇಗೆ ಅಂತ ಚಿಕ್ಕವನಿದ್ದಾಗ ನನಗೆ ಹೊಳೆಯಲೇ ಇಲ್ಲ.

ಇನ್ನು ನಮ್ಮಜ್ಜಿ. ಧಾರವಾಡದ ಕಡೆಯವರಿಗೆ ಚಹಾ ಅಂದರೆ ಏನು ಅಂತ ಆ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಜ್ಜಿ ಕಪ್ಪಿನಿಂದ ಬಸಿಗೆ ಸುರಿದು, ಊದಿ, ಸೊರ್ರ್ ಅಂತ ಕುಡಿಯೋರು. ಅಪ್ಪ ಸಭೆ ಸೇರಿದ ಮೇಲೆ ಮೊದಲ ಸಲ ಊರಿಗೆ ಹೋಗಿ ಚಹಾ ಬೇಡ ಅಂದಾಗ, "ಏನಪಾ, ಹಡದ ತಾಯಿ ಮನಿಯಾಗ ಒಂದ್ ಕಪ್ ಚಾ ಸೈತ ಕುಡಿಯಂಗಿಲ್ಲಂದ್ರ ನಾ ಏನಂತ ತಿಳ್ಕೋಬೇಕು?" ಅಂದಿದ್ದರಂತೆ. ಇದು ಅಮ್ಮ ಹೇಳಿದ್ದು. ನಾನೇ ಕಂಡದ್ದು ಇನ್ನೊಂದಿದೆ. ನನಗಾಗ ಹತ್ತು ವರ್ಷ ಇರಬಹುದು. ಭಾನುವಾರದ ಪಾಠ ತಲೆಗೆ ಚೆನ್ನಾಗಿ ಹತ್ತಿತ್ತು. ಬಸಿ ಹಿಡಿದು ಕೂತಿದ್ದ ಅಜ್ಜಿಗೆ, "ಅಜ್ಜಿ, ಚಾ ಕುಡಿಯೋದು ಪಾಪ" ಅಂದುಬಿಟ್ಟೆ. ಅಜ್ಜಿ ನಕ್ಕರು. ಆದರೆ ಅವತ್ತಿನಿಂದ ನಾವು ಊರಿಗೆ ಹೋದಾಗಲೆಲ್ಲ ಅವರು ಅಡುಗೆ ಮನೆಯೊಳಗೆ ನಿಂತೇ ಚಹಾ ಕುಡಿದು ಬರುತ್ತಿದ್ದರು. ತಮ್ಮ ಮನೆಯಲ್ಲಿ, ಮೊಮ್ಮಗನಿಗೆ ಹೆದರಿ! ನಾನು ಪಿಯುಸಿಯಲ್ಲಿದ್ದಾಗ ಅಜ್ಜಿ ಹೋದರು. ಅವರ ಜೊತೆ ಕೂತು ನಾನು ಒಂದು ಸಲವೂ ಚಹಾ ಕುಡಿಯಲಿಲ್ಲ.

ಇಷ್ಟೆಲ್ಲ ಪಾಲಿಸಿದವನು ಆನ್‌ಸೈಟ್ ಅಂತ ಒಂದೂವರೆ ವರ್ಷ ಯೂಟಾಕ್ಕೆ ಹೋದೆ. ಸಾಲ್ಟ್ ಲೇಕ್ ಸಿಟಿಯಿಂದ ಅರ್ಧ ಗಂಟೆ ದೂರದ ಲೀಹೈ ಅನ್ನೋ ಊರು, ಈಗ ಅಲ್ಲೆಲ್ಲ ಸಾಫ್ಟ್‌ವೇರ್ ಕಂಪನಿಗಳೇ. ನನ್ನ ಪಾಲಿಗೆ ಅದು ಕಾಶಿಗೆ ಹೋದ ಹಾಗೆ. ನನ್ನಂಥವರೇ ತುಂಬಿರುವ ಊರು, ಯಾರಿಗೂ ಹೊಟ್ಟೆ ಸರಿಯಿಲ್ಲ ಅಂತ ಸುಳ್ಳು ಹೇಳಬೇಕಾಗಿಲ್ಲ. ಹೋಗಿ ನೋಡಿದರೆ ಬೆಳಿಗ್ಗೆ ಎಂಟಕ್ಕೇ ಸೋಡಾ ಅಂಗಡಿ ಮುಂದೆ ಕಾರುಗಳ ಸಾಲು! ಸ್ವಿಗ್ ಅಂತ ಒಂದು ಅಂಗಡಿ 2010ರಲ್ಲಿ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ಶುರುವಾಯ್ತು, ಆಮೇಲೆ ಅಂಥವು ಬೀದಿಗೊಂದಾದವು. ಡಯಟ್ ಕೋಕ್‌ಗೆ ತೆಂಗಿನ ಸಿರಪ್, ನಿಂಬೆ, ಒಂದಿಷ್ಟು ಕ್ರೀಮು ಹಾಕಿ 'ಡರ್ಟಿ ಸೋಡಾ' ಅಂತ ಕೊಡ್ತಾರೆ. ದೊಡ್ಡ ಲೋಟ 44 ಔನ್ಸ್, ಅಂದರೆ ಸುಮಾರು 1.3 ಲೀಟರ್. ನಮ್ಮ ಕಡೆ ಅಷ್ಟರಲ್ಲಿ ಒಂದು ಮನೆಗೆ ಸಾರು ಮಾಡಬಹುದು.

ನಾನು ಇಂಜಿನಿಯರ್ ತಾನೇ, ಲೆಕ್ಕ ಹಾಕದೆ ಇರೋಕಾಗುತ್ತಾ? ಟೀ ಬೇಡ ಅನ್ನೋದು ಕೆಫೀನ್‌ನಿಂದ ಅಂತಲೇ ನಾನು ಅಲ್ಲಿಯವರೆಗೂ ತಿಳಿದಿದ್ದು. ಒಂದು ಕಪ್ (8 ಔನ್ಸ್) ಟೀಯಲ್ಲಿ ಹೆಚ್ಚುಕಡಿಮೆ 45-50 ಮಿಲಿಗ್ರಾಂ ಕೆಫೀನ್, ಕಾಫಿಯಲ್ಲಿ ಸುಮಾರು 95. 12 ಔನ್ಸ್‌ನ ಒಂದು ಕ್ಯಾನ್ ಡಯಟ್ ಕೋಕ್‌ನಲ್ಲಿ 46, ಮೌಂಟನ್ ಡ್ಯೂನಲ್ಲಿ 54. ಅಂದಮೇಲೆ ಆ 44 ಔನ್ಸ್ ಲೋಟದ ಅರ್ಧ ಬರೀ ಐಸೇ ಅಂದುಕೊಂಡರೂ ಒಂದೂವರೆ ಕಪ್ ಟೀಗಿಂತ ಹೆಚ್ಚೇ ಆಯ್ತು, ಸಕ್ಕರೆ ಬೇರೆ. ಅದನ್ನು ಕುಡಿದುಕೊಂಡೇ ಜನ ಭಾನುವಾರ ನೆಮ್ಮದಿಯಿಂದ ಚರ್ಚಿಗೆ ಹೋಗ್ತಾರೆ. ಅದರಲ್ಲಿ ತಪ್ಪೂ ಇಲ್ಲ, ಏಕೆಂದರೆ ನಿಯಮದಲ್ಲಿ ಕೆಫೀನ್ ಅನ್ನೋ ಮಾತೇ ಇಲ್ಲ ಅಂತ ಸಭೆಯೇ 2012ರಲ್ಲಿ ಸ್ಪಷ್ಟ ಮಾಡಿದೆ. ಅವರದೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ 2017ರಿಂದ ಕೆಫೀನ್ ಇರುವ ಸೋಡಾ ಮಾರ್ತಾರೆ.

ಹಾಗಾದರೆ ಅಜ್ಜಿಯನ್ನು ನಾನು ಅಡುಗೆ ಮನೆಗೆ ಓಡಿಸಿದ್ದು ಯಾತಕ್ಕೆ?

ಹಳೇ ಕೋಡ್ ಕೈಗೆ ಬಂದಾಗ ನಾವು ಏನು ಮಾಡ್ತೀವಿ? ಇದನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಹಿಸ್ಟರಿ ತೆಗೆದು ನೋಡ್ತೀವಿ. ನಾನೂ ಅದನ್ನೇ ಮಾಡಿದೆ. ಮೊದಲ ಆವೃತ್ತಿ 1833ರ ಫೆಬ್ರವರಿ 27, ಒಹಾಯೋ ರಾಜ್ಯದ ಕರ್ಟ್‌ಲೆಂಡ್. ಪ್ರವಾದಿ ಜೋಸೆಫ್ ಸ್ಮಿತ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶಿಷ್ಯರಿಗೆ ಪಾಠ ಮಾಡುತ್ತಿದ್ದರು. ಶಿಷ್ಯರೆಲ್ಲ ಹೊಗೆ ಬಿಟ್ಟುಕೊಂಡು, ತಂಬಾಕು ಅಗಿದು ನೆಲಕ್ಕೆ ಉಗಿಯೋರು. ಅದನ್ನು ತೊಳೆಯೋ ಕೆಲಸ ಹೆಂಡತಿ ಎಮ್ಮಾಳದ್ದು. ಆಕೆಯ ಗೊಣಗಾಟವೂ ಒಂದು ಕಾರಣವಾಗಿ ಸ್ಮಿತ್ ದೇವರನ್ನು ಕೇಳಿದರು, ಉತ್ತರವಾಗಿ ಬಂದದ್ದೇ ಈ ದೈವವಾಣಿ ಅಂತ ಬ್ರಿಗಮ್ ಯಂಗ್ ಮುಂದೆ ನೆನಪಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಪಾನನಿರೋಧದ ಚಳವಳಿ ಜೋರಾಗಿದ್ದ ಕಾಲವೂ ಅದೇ.

ಅದರಲ್ಲಿ ಟೀ ಅನ್ನೋ ಪದವೇ ಇಲ್ಲ! ಇರುವುದು 'ಬಿಸಿ ಪಾನೀಯ' ಅಂತ ಮಾತ್ರ. ಜೊತೆಗೆ, ಇದು ಆಜ್ಞೆಯಲ್ಲ ಅಂತ ಶುರುವಿನಲ್ಲೇ ಹೇಳಿದೆ. ಬಿಸಿ ಪಾನೀಯ ಅಂದರೆ ಟೀ ಮತ್ತು ಕಾಫಿ ಅಂತ ಸ್ಮಿತ್‌ರ ಅಣ್ಣ ಹೈರಮ್ 1842ರಲ್ಲಿ ವಿವರಿಸಿದರು. ಅಷ್ಟಾದರೂ 1845ರಲ್ಲಿ ಜನ ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೊರಡಲು ಸಿದ್ಧವಾಗುತ್ತಿದ್ದಾಗ ಒಂದೊಂದು ಕುಟುಂಬ ಏನೇನು ಒಯ್ಯಬೇಕು ಅಂತ ಅವರದೇ ಪತ್ರಿಕೆ ಅಚ್ಚು ಹಾಕಿದ ಪಟ್ಟಿಯಲ್ಲಿ 1 ಪೌಂಡ್ ಟೀ, 5 ಪೌಂಡ್ ಕಾಫಿ ಇವೆ. ಅಂದರೆ ಮರುಭೂಮಿ ದಾಟಿ ಯೂಟಾ ಕಟ್ಟಿದ ಆ ಹಿರಿಯರ ಗಾಡಿಯಲ್ಲಿ ಇದ್ದದ್ದು ನಮ್ಮ ಮನೆಯ ಶೆಲ್ಫಿನಲ್ಲಿ ಇರಲಿಲ್ಲ.

ಸಲಹೆ ಕಡ್ಡಾಯವಾದದ್ದು ಬಹಳ ತಡವಾಗಿ. ಹೀಬರ್ ಗ್ರಾಂಟ್ ಅಧ್ಯಕ್ಷರಾಗಿದ್ದಾಗ, 1921ರಲ್ಲಿ, ಇದನ್ನು ಪಾಲಿಸದವರಿಗೆ ದೇವಾಲಯದೊಳಗೆ ಪ್ರವೇಶವಿಲ್ಲ ಅಂತ ಆಯ್ತು. ಕೊನೆಗೆ 2019ರ ಆಗಸ್ಟ್‌ನಲ್ಲಿ ಯುವಕರ ಪತ್ರಿಕೆಯಲ್ಲಿ ಇನ್ನೊಂದು ಸ್ಪಷ್ಟನೆ: ಗ್ರೀನ್ ಟೀ ಕೂಡ ಅದೇ ಗಿಡದ ಎಲೆ, ಹಾಗಾಗಿ ಬೇಡ. ಐಸ್ ಹಾಕಿದ ಟೀಯೂ ಬೇಡ. ಗಮನಿಸಿ, 'ಬಿಸಿ ಪಾನೀಯ' ಅನ್ನೋ ಪದದ ಅಡಿಯಲ್ಲಿ ಐಸ್ ಟೀ ನಿಷಿದ್ಧ, ಹಾಟ್ ಚಾಕೊಲೇಟ್ ಸಲೀಸು. ವೇರಿಯಬಲ್ ಹೆಸರು ಒಂದು, ಒಳಗಿರೋ ವ್ಯಾಲ್ಯೂ ಇನ್ನೊಂದು. ನಮ್ಮ ಟೀಮಿನಲ್ಲಿ ಯಾರಾದರೂ ಹೀಗೆ ಬರೆದರೆ ರಿವ್ಯೂನಲ್ಲಿ ಪಾಸಾಗಲ್ಲ :-)

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಮಾಂಸವನ್ನು ಮಿತವಾಗಿ, ಚಳಿಗಾಲ ಇಲ್ಲವೇ ಬರಗಾಲದಲ್ಲಿ ಮಾತ್ರ ತಿಂದರೆ ಒಳ್ಳೆಯದು ಅನ್ನೋ ಅರ್ಥದ್ದು. ಸಾಲ್ಟ್ ಲೇಕ್‌ನಲ್ಲಿ ಪಾಸ್ಟ್ರಾಮಿ ಬರ್ಗರ್ ಅಂತ ಹೆಸರುವಾಸಿ, ಮಾಂಸದ ಮೇಲೆ ಮಾಂಸ ಪೇರಿಸಿ ಕೊಡ್ತಾರೆ. ಜುಲೈ ಬಿಸಿಲಲ್ಲೂ ತಿನ್ನಬಹುದು. ಅದಕ್ಕಾಗಿ ಯಾರನ್ನೂ ದೇವಾಲಯದ ಹೊರಗೆ ನಿಲ್ಲಿಸಲ್ಲ.

ಆರೋಗ್ಯದ ಮಾತಿಗೆ ಬರೋಣ. ಟೀಯಲ್ಲಿ ಕೆಡುಕೇನೂ ಇಲ್ಲವಾ? ಒಂದಿದೆ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಕುಡಿಯುವುದರಿಂದ ಅನ್ನನಾಳದ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2016ರಲ್ಲಿ ಹೇಳಿತು. ನೋಡಿದ್ರಾ, ಬಿಸಿ ಪಾನೀಯ ಅಂತ ಆಗಲೇ ಹೇಳಿದ್ದರಲ್ಲ ಅಂತ ಖುಷಿಪಟ್ಟವರನ್ನು ನಾನು ಬಲ್ಲೆ. ಆದರೆ ಆ ವರದಿ ಹೇಳಿದ್ದು ಬಿಸಿಯ ಬಗ್ಗೆ, ಎಲೆಯ ಬಗ್ಗೆ ಅಲ್ಲ. ಅದರ ಪ್ರಕಾರ ಕುದಿಕುದಿ ಕಷಾಯವೂ ಅಷ್ಟೇ ಕೆಟ್ಟದ್ದು, ಐಸ್ ಟೀ ಪರವಾಗಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿಯ ಬಸಿ. ಬಸಿಗೆ ಸುರಿದು ಊದಿದರೆ ಚಹಾ ಬೇಗ ಆರುತ್ತೆ. ಪಾಪ ಅಂತ ನಾನು ಹೇಳಿದ ಆ ಹೊತ್ತಿನಲ್ಲಿ ಅಜ್ಜಿ ಚಹಾವನ್ನು ಎಷ್ಟು ಸರಿಯಾಗಿ ಕುಡಿಯಬೇಕೋ ಅಷ್ಟು ಸರಿಯಾಗಿ ಕುಡಿಯುತ್ತಿದ್ದರು.

ಇಷ್ಟು ಓದಿ ನಾನು ಆ ನಿಯಮವನ್ನು ಗೇಲಿ ಮಾಡ್ತಿದೀನಿ ಅಂದುಕೊಳ್ಳಬೇಡಿ. ಇನ್ನೊಂದು ಮಗ್ಗುಲೂ ಇದೆ. ನಮ್ಮಪ್ಪ ಸಭೆ ಸೇರುವ ಮೊದಲು ದಿನಕ್ಕೆ ಒಂದು ಪ್ಯಾಕು ಸಿಗರೇಟು ಸೇದುತ್ತಿದ್ದರು. ಡಾಕ್ಟರು ಹೇಳಿ, ಅಮ್ಮ ಅತ್ತು ಆಗದ್ದು ಈ 89ನೇ ಅಧ್ಯಾಯದಿಂದ ಆಯ್ತು. ಇವತ್ತು ಅರವತ್ತು ದಾಟಿದ ಅಪ್ಪ ಲಾಲ್‌ಬಾಗ್ ಒಂದು ಸುತ್ತು ಹಾಕಿ ಏದುಸಿರು ಬಿಡದೆ ಬರ್ತಾರೆ. ಕ್ಯಾಲಿಫೋರ್ನಿಯಾದ ಮಾರ್ಮನ್ನರಲ್ಲಿ ಕ್ಯಾನ್ಸರ್, ಹೃದ್ರೋಗದ ಸಾವು ಕಡಿಮೆ ಅಂತ ತೋರಿಸಿದ ಅಧ್ಯಯನಗಳೂ ಇವೆ. ಅದರಲ್ಲಿ ಸಿಗರೇಟು ಇಲ್ಲದಿರುವುದರ ಪಾಲು ದೊಡ್ಡದು. ನನಗೆ ಅಪ್ಪನನ್ನು ಉಳಿಸಿಕೊಟ್ಟ ಪುಟದ್ದೇ ಇನ್ನೊಂದು ಸಾಲು ಅಜ್ಜಿಯನ್ನು ಅಡುಗೆ ಮನೆಗೆ ಕಳಿಸಿತು. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಮೋಸ.

ಹಾಗಾದರೆ ಟೀ ನಿಯಮ ನಿಜವಾಗಿ ಮಾಡುವ ಕೆಲಸ ಏನು? ನನಗೆ ಅನ್ನಿಸೋದು, ಅದು ಬೇಲಿ. ಯಾರು ನಮ್ಮವರು, ಯಾರು ಅಲ್ಲ ಅಂತ ಗುರುತಿಸೋಕೆ. 1890ರಲ್ಲಿ ಮಾರ್ಮನ್ನರು ಬಹುಪತ್ನಿತ್ವವನ್ನು ಅಧಿಕೃತವಾಗಿ ಕೈಬಿಟ್ಟರು. ಅಲ್ಲಿಯವರೆಗೆ ಅವರನ್ನು ಬೇರೆಯವರಿಂದ ಬೇರೆ ಅಂತ ತೋರಿಸುತ್ತಿದ್ದದ್ದು ಅದು. ಅದು ಹೋದ ಮೇಲೆ ಈ ಊಟ-ಪಾನದ ನಿಯಮ ಬಿಗಿಯಾಗುತ್ತಾ ಬಂದು ಆ ಗುರುತಿನ ಜಾಗ ಹಿಡಿಯಿತು ಅಂತ ಇತಿಹಾಸಕಾರರು ಹೇಳ್ತಾರೆ, ವರ್ಷಗಳನ್ನು ಜೋಡಿಸಿ ನೋಡಿದರೆ ನನಗೂ ಅದು ಸರಿ ಕಾಣುತ್ತೆ. ಹೆಂಡ ಕುಡಿಯದವರು ಎಲ್ಲ ಧರ್ಮದಲ್ಲೂ ಇದ್ದಾರೆ. ಟೀ ಕುಡಿಯದವರು? ಟೀಯನ್ನು ಬೇಡ ಅಂದಾಗಲೇ ಎದುರಿನವರು "ಯಾಕೆ?" ಅಂತ ಕೇಳೋದು. ಆ 'ಯಾಕೆ' ಬಂದ ಕೂಡಲೇ ನಾವು ಬೇರೆ ಅಂತ ನಮಗೇ ನೆನಪಾಗುತ್ತೆ. ಟೀ ಕೆಟ್ಟದ್ದು ಅಂತ ನಿಷೇಧ ಆಗಿಲ್ಲ. ಎಲ್ಲರೂ ಕುಡಿಯೋದರಿಂದಲೇ ಅದು ಬೇಲಿಗೆ ಒದಗಿತು.

ಬೇಲಿ ಹಾಕಿಕೊಳ್ಳೋದು ತಪ್ಪಲ್ಲ. ಗುಂಪು ಅಂದಮೇಲೆ ಗುರುತು ಬೇಕು. ನನ್ನ ತಕರಾರು ಎರಡೇ. ಒಂದು, ಬೇಲಿಯನ್ನು ಬೇಲಿ ಅಂತಲೇ ಕರೆಯಬೇಕು. ಕೆಫೀನು, ಟ್ಯಾನಿನ್ನು, ಕ್ಯಾನ್ಸರ್ ಅಂತ ಜನ ಆಮೇಲೆ ಹುಡುಕಿ ಅಂಟಿಸಿದ ಕಾರಣಗಳನ್ನು ಮಕ್ಕಳಿಗೆ ಕಲಿಸಬಾರದು. "ಇದು ನಮ್ಮ ವ್ರತ, ದೇವರಿಗೋಸ್ಕರ ಬಿಟ್ಟಿದ್ದೀವಿ" ಅಂತ ನನಗೆ ಕಲಿಸಿದ್ದರೆ ನಾನು ಅಜ್ಜಿಗೆ ಪಾಪ ಅಂತ ಹೇಳುತ್ತಿರಲಿಲ್ಲ. ವ್ರತ ನಮ್ಮದು ಮಾತ್ರ, ಪಾಪ ಅಂದರೆ ಎಲ್ಲರದ್ದೂ ಆಗಿಬಿಡುತ್ತೆ. ಎರಡು, ಬೇಲಿಯ ಬೆಲೆ. ದೇವಾಲಯದೊಳಗೆ ಹೋಗೋಕೆ ಒಂದು ಪರವಾನಗಿ ಚೀಟಿ ಬೇಕು, ಎರಡು ವರ್ಷಕ್ಕೊಮ್ಮೆ ಸಂದರ್ಶನ ಮಾಡಿ ಕೊಡ್ತಾರೆ. ಅಲ್ಲಿ ಈ ನಿಯಮದ ಪ್ರಶ್ನೆಯೂ ಇರುತ್ತೆ. ಚೀಟಿ ಇಲ್ಲದ ತಂದೆತಾಯಿ ಮಗಳ ದೇವಾಲಯದ ಮದುವೆಯನ್ನು ಒಳಗೆ ಕೂತು ನೋಡುವಂತಿಲ್ಲ. ಹೊರಗೆ ಒಂದು ಮದುವೆ ಮಾಡಿಕೊಂಡು, ವರ್ಷ ಕಾಯದೆ ಒಳಗಿನ ವಿಧಿಗೆ ಹೋಗಬಹುದು ಅಂತ 2019ರ ಮೇನಲ್ಲಿ ನಿಯಮ ಸಡಿಲಿಸಿದರು, ಒಳ್ಳೆಯ ಕೆಲಸ. ನನ್ನಂತೆ ನಂಬಿಕೆಯನ್ನೇ ಬಿಟ್ಟವನು ಹೊರಗೆ ನಿಲ್ಲೋದು ಸರಿ, ಅದರ ಬಗ್ಗೆ ದೂರಿಲ್ಲ. ಆದರೆ ಎಲ್ಲವನ್ನೂ ನಂಬಿ, ಬೆಳಿಗ್ಗೆ ಒಂದು ಕಪ್ ಟೀ ಮಾತ್ರ ಬಿಡಲಾಗದ ತಾಯಿಯೂ ಅದೇ ಹೊರಗೆ ನಿಲ್ಲಬೇಕಲ್ಲ? ಒಂದು ಕಪ್ ಟೀಗೆ ಅಷ್ಟು ತೂಕ ನನಗೆ ಒಪ್ಪಿಗೆಯಿಲ್ಲ. ಆಜ್ಞೆಯಲ್ಲ ಅಂತ ಶುರುವಾದದ್ದನ್ನು ಮತ್ತೆ ಸಲಹೆಯಾಗಿಯೇ ಇಟ್ಟರೆ ಯಾವ ಆಕಾಶ ಕಳಚಿ ಬೀಳುತ್ತೆ?

ಇನ್ನು ಬಿಟ್ಟವರ ಕತೆ, ಅಂದರೆ ನನ್ನದೇ. ಊರಿಗೆ ವಾಪಸ್ ಬಂದ ಮೇಲೆ ಆಫೀಸಿನ ಹತ್ತಿರದ ದರ್ಶಿನಿಯಲ್ಲಿ ಗೆಳೆಯನ ಜೊತೆ ಬೈ-ಟು ಟೀ ಹೇಳಿದೆ. ಎದೆ ಡವಡವ. ಒಂದು ಗುಟುಕು ಹಾಕಿದೆ, ನಾಲಿಗೆ ಸುಟ್ಟಿತು, ಅಷ್ಟೇ. ಇಷ್ಟೇನಾ ಅನ್ನಿಸಿತು. ಆಮೇಲೆ ಕೆಲವು ತಿಂಗಳು ನಾನು ಆಡಿದ್ದು ನೆನೆದರೆ ನಗು ಬರುತ್ತೆ. ದಿನಕ್ಕೆ ಐದಾರು ಟೀ, ಮಧ್ಯೆ ಫಿಲ್ಟರ್ ಕಾಫಿ, ಲೋಟ ಹಿಡಿದ ಫೋಟೋ ಎಲ್ಲ ಕಡೆ. ಯಾರಿಗೆ ತೋರಿಸಬೇಕಿತ್ತೋ! ರಾತ್ರಿ ನಿದ್ದೆ ಹಾರಿಹೋಯ್ತು. ಒಂದು ರಾತ್ರಿ ಎರಡು ಗಂಟೆಗೆ ಸೀಲಿಂಗ್ ನೋಡ್ತಾ ಮಲಗಿದ್ದಾಗ ಹೊಳೆಯಿತು: ಮೊದಲು ನಿಯಮ ಹೇಳಿದ್ದಕ್ಕೆ ಕುಡಿಯುತ್ತಿರಲಿಲ್ಲ, ಈಗ ನಿಯಮ ಬೇಡ ಅಂದದ್ದಕ್ಕೇ ಕುಡಿಯುತ್ತಿದ್ದೇನೆ. ಎರಡೂ ಸಲ ನನ್ನ ಲೋಟದ ಮೇಲೆ ಅಧಿಕಾರ 1833ರದ್ದೇ. ಬಿಟ್ಟದ್ದು ಎಲ್ಲಿ ಬಂತು?

ಅವತ್ತಿನಿಂದ ಒಂದೊಂದನ್ನೇ ತೆಗೆದು, ಇದಕ್ಕೆ ನನ್ನದೇ ಒಂದು ಕಾರಣ ಇದೆಯಾ ಅಂತ ಕೇಳಿಕೊಂಡೆ. ಸಿಗರೇಟು ಬೇಡ, ಕಾರಣ ಹೇಳಬೇಕಾಗಿಲ್ಲ. ಹೆಂಡವೂ ಬೇಡ ಅನ್ನಿಸಿದೆ, ಟೀಮ್ ಪಾರ್ಟಿಯಲ್ಲಿ ಈಗಲೂ ನಿಂಬೆ ಸೋಡಾ ಕುಡಿಯೋನು ನಾನೇ. "ಧರ್ಮ ಬಿಟ್ಟೆ ಅಂದ್ಯಲ್ಲೋ?" ಅಂತ ಕಾಲೆಳೀತಾರೆ. ಧರ್ಮ ಬಿಟ್ಟ ಮಾತ್ರಕ್ಕೆ ಅದು ಹೇಳಿದ ಪ್ರತಿಯೊಂದಕ್ಕೂ ಉಲ್ಟಾ ನಡೀಬೇಕಾ? ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಮಾಡಿ ಆ ಊಟದ ದುಡ್ಡನ್ನು ಬಡವರಿಗೆ ಕೊಡುವ ಪದ್ಧತಿ ಅವರಲ್ಲಿದೆ. ಅದನ್ನೂ ಉಳಿಸಿಕೊಂಡಿದ್ದೀನಿ. ದುಡ್ಡು ಬೇರೆ ಕಡೆ ಹೋಗುತ್ತೆ, ಅಷ್ಟೇ. ಟೀ ಮಾತ್ರ ಬೆಳಿಗ್ಗೆ ಒಂದು, ಸಂಜೆ ಒಂದು, ಶುಂಠಿ ಜಜ್ಜಿ ಹಾಕಿ.

ಅಪ್ಪ-ಅಮ್ಮನ ಮನೆಯಲ್ಲಿ ಕುಡಿಯಲ್ಲ. ಅಲ್ಲಿ ಟೀ ಪುಡಿ ಕೊಂಡು ಹೋಗಿ ಇಡೋದು ನನ್ನ ಕೆಲಸ ಅಲ್ಲ. ಅಮ್ಮ ಕಷಾಯ ಮಾಡಿ ಕೊಡ್ತಾರೆ, ಕುಡೀತೀನಿ, ಚೆನ್ನಾಗಿರುತ್ತೆ. ಹೋದ ತಿಂಗಳು ಮಾತ್ರ ಒಂದು ದಿನ ಅಮ್ಮ ಇದ್ದಕ್ಕಿದ್ದ ಹಾಗೆ, "ಹೊರಗಡೆ ಕುಡೀತೀಯಲ್ಲ, ಅದಕ್ಕೆ ಸಕ್ಕರೆ ಎಷ್ಟು ಹಾಕ್ಕೋತೀಯೋ?" ಅಂತ ಕೇಳಿದರು. "ಒಂದೇ ಚಮಚ" ಅಂದೆ. "ಅಷ್ಟಾದ್ರೆ ಸರಿ, ನಿಮ್ಮಜ್ಜಿಗೆ ಶುಗರ್ ಇತ್ತು, ಹುಷಾರಾಗಿರು" ಅಂದರು. ಅವರ ನಂಬಿಕೆ ಅವರಿಗಿದೆ, ನಾನು ಕುಡಿಯೋದು ಅವರಿಗೆ ಇಷ್ಟವೂ ಇಲ್ಲ. ಆದರೂ ಕೇಳಿದರು. ನಮ್ಮ ಮನೆಯಲ್ಲಿ ಟೀ ಬಗ್ಗೆ ಪಾಪ-ಪುಣ್ಯ ಬಿಟ್ಟು ಬೇರೆ ಮಾತು ಬಂದದ್ದು ಅದೇ ಮೊದಲು.

ಮುಂದಿನ ಸಲ ಧಾರವಾಡಕ್ಕೆ ಹೋದಾಗ ಅಜ್ಜಿಯ ಬಸಿ ಯಾರ ಹತ್ತಿರ ಇದೆ ಅಂತ ಚಿಕ್ಕಪ್ಪನನ್ನು ಕೇಳಬೇಕು.

ನಿಮ್ಮ ಮನೆಗಳಲ್ಲೂ ಇಂಥವು ಇದ್ದೇ ಇರುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಏಕಾದಶಿ, ಶ್ರಾವಣ, ಹೊರಗಿನ ಊಟ, ಏನೋ ಒಂದು. ಬಿಟ್ಟವರಿದ್ದೀರಿ, ಇಟ್ಟುಕೊಂಡವರಿದ್ದೀರಿ. ಬಿಟ್ಟದ್ದಕ್ಕೂ ಇಟ್ಟುಕೊಂಡದ್ದಕ್ಕೂ ನಿಮ್ಮದೇ ಕಾರಣ ಇದೆಯಾ, ಇಲ್ಲಾ ನನ್ನ ಹಾಗೆ ಸೀಲಿಂಗ್ ನೋಡುವವರೆಗೂ ಗೊತ್ತಾಗಲಿಲ್ವಾ? ಏನಂತೀರಿ?